ಉಡಿಯಲ್ಲಿ ಬಿದ್ದ ಕಾರಿನ ಕೀ

ಉಡಿಯಲ್ಲಿ ಅಕ್ಕಿ ಬೀಳುತ್ತದೆ. ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಕುಬಸದ ಖಣ ಬೀಳುತ್ತವೆ. ಕಾರಿನ ಕೀ ಬಿದ್ದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನನ್ನ ಉಡಿಯಲ್ಲಿ ಬಿತ್ತು. ಕಳೆದ ತಿಂಗಳು, ಹರಿಹರದಲ್ಲಿ, ಹಾಡುಹಗಲಲ್ಲಿ.

ಸೆರಗು ಒಡ್ಡಿ ನಿಂತಿದ್ದೆ. ಆ ಮನೆಯ ಗೌರಮ್ಮನವರು ಅಕ್ಕಿ ಹಾಕಿದರು, ಕಾಯಿ ಇಟ್ಟರು, ಖಣ ಇಟ್ಟರು, ಅದರ ಮೇಲೆ ಮೆತ್ತಗೆ ಒಂದು ಕೀ ಇಟ್ಟರು. ಹಳದಿ ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡು ಕೂತಂತಿರುವ ಸ್ಪೋರ್ಟ್ಸ್ ಕಾರಿನ ಕೀ. ಕಾರು ಹೊರಗೆ ಅಂಗಳದಲ್ಲಿ ಹಾರ ಹಾಕಿಸಿಕೊಂಡು, ಬಾನೆಟ್ಟಿಗೆ ವಿಭೂತಿ ಬಳಿಸಿಕೊಂಡು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿಕೊಂಡು ಸಿದ್ಧವಾಗಿ ನಿಂತಿತ್ತು. ಪೂಜೆ ನಾವು ಬರುವ ಮೊದಲೇ ಮುಗಿದಿತ್ತು. ನಾನು ಆ ಕಾರನ್ನು ಇನ್ನೂ ಮುಟ್ಟಿಯೂ ನೋಡಿರಲಿಲ್ಲ.

ನಮ್ಮ ಕಡೆ ಉಡಿಯಲ್ಲಿ ಬಿದ್ದದ್ದನ್ನು ಯಾರೂ ವಾಪಸ್ ಕೊಡುವುದಿಲ್ಲ. ಇದನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ನೋಡಿ ನೋಡಿಯೇ ಗೊತ್ತಾಗಿರುತ್ತದೆ.

ನಾನು ವಾಪಸ್ ಕೊಟ್ಟೆ. ಉಡಿಯನ್ನಲ್ಲ, ಕೀ ಮಾತ್ರ.

ಇರಿ, ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಾನು ಹಲ್ಲಿನ ಡಾಕ್ಟರು, ದಾವಣಗೆರೆಯ ಸರಸ್ವತಿ ನಗರದಲ್ಲಿ ಕ್ಲಿನಿಕ್ಕು, ವಯಸ್ಸು ಐವತ್ತು ದಾಟಿ ಸುಮಾರು ದಿನವಾಯಿತು, ಬಾಯಿ ಸ್ವಲ್ಪ ಜೋರು. ಈ ಅಂಕಣ ಓದುವ ನಿಮಗೆ ಇಷ್ಟು ಗೊತ್ತೇ ಇದೆ. (ಬೇರೆಯವರ ಬಾಯಿ ತೆರೆಸುವ ಕಸುಬಿನವರು ತಮ್ಮದನ್ನು ಮುಚ್ಚಿಕೊಂಡಿರುವುದು ಕಷ್ಟ.) ಗೊತ್ತಿಲ್ಲದ್ದು ಇದು: ನನಗೆ ಸ್ಪೋರ್ಟ್ಸ್ ಕಾರಿನ ಹುಚ್ಚು. ಓದುವ ಕಾಲದಿಂದಲೂ ಇದೆ. ಮಕ್ಕಳ ಫೀಸು, ಕ್ಲಿನಿಕ್ಕಿನ ಸಾಲ, ಅತ್ತೆಯವರ ಮೊಣಕಾಲಿನ ಆಪರೇಷನ್ನು ಎಂದು ಹುಚ್ಚನ್ನು ಅದುಮಿಟ್ಟಿದ್ದೆ. ಈಗ ಎಲ್ಲ ಮುಗಿದಿದೆ. ಹುಚ್ಚು ಮಾತ್ರ ಇದ್ದ ಹಾಗೇ ಇದೆ.

ಹೊಸದು ನನ್ನಂಥವಳ ಕೈಗೆ ಎಟುಕುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕತೊಡಗಿದೆ. ಸುದ್ದಿ ತಿಳಿದದ್ದೇ ತಡ, ಊರಿಗೆಲ್ಲ ನನ್ನ ಮೇಲೆ ಕಾಳಜಿ ಉಕ್ಕಿ ಹರಿಯಿತು. ಈ ವಯಸ್ಸಿನಲ್ಲಿ ಯಾಕೆ? ನಮ್ಮೂರಿನ ರಸ್ತೆ ಹಂಪುಗಳ ಮೇಲೆ ಅದರ ಹೊಟ್ಟೆ ಉಜ್ಜುವುದಿಲ್ಲವೇ? ಸೀರೆ ಉಟ್ಟುಕೊಂಡು ಅದರೊಳಗೆ ಇಳಿಯುವುದು ಹೇಗೆ, ಏಳುವುದು ಹೇಗೆ? ಇಬ್ಬರೇ ಕೂರುವ ಕಾರಿನಲ್ಲಿ ಸಂಸಾರವನ್ನು ಎಲ್ಲಿ ಕೂರಿಸುತ್ತೀರಿ?

ಸಂಸಾರವನ್ನು ಕೂರಿಸಿ ಕೂರಿಸಿ ಸಾಕಾಗಿಯೇ ಇಬ್ಬರು ಕೂರುವ ಕಾರು ಹುಡುಕುತ್ತಿದ್ದೇನೆ ಅಂದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, ಆ ಇಬ್ಬರಲ್ಲಿ ತಾವೊಬ್ಬರೋ ಅಲ್ಲವೋ ಎಂದು ವಿಚಾರಿಸಿದರು. ನಡತೆ ನೋಡಿ ಹೇಳುತ್ತೇನೆ ಅಂದಿದ್ದೇನೆ.

ಆಗ ಬಂದವನು ನಮ್ಮಣ್ಣ. ಬಾತಿಯ ಹತ್ತಿರ ಅಕ್ಕಿ ಗಿರಣಿ ನಡೆಸುತ್ತಾನೆ. ಅಣ್ಣನ ಮಗಳು ನಂದಿತಾ ಇಲ್ಲೇ ಬ್ಯಾಂಕಿನಲ್ಲಿ ಅಧಿಕಾರಿ, ನನ್ನ ಮುದ್ದಿನ ಸೊಸೆ. ಅವಳಿಗೆ ಹರಿಹರದ ಕೊಟ್ರೇಶಪ್ಪನವರ ಮಗ ಪ್ರಮೋದನ ಜೊತೆ ಮಾತುಕತೆ ನಡೆದಿತ್ತು. ಪಂಪ್‌ಸೆಟ್ ಅಂಗಡಿ, ಗುತ್ತೂರಿನ ಕಡೆ ತೋಟ, ಒಳ್ಳೆಯ ಮನೆತನ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮೋರು. ಹುಡುಗ ಹುಡುಗಿ ನೋಡಿ ಒಪ್ಪಿದ್ದರು. ವೀಳ್ಯಶಾಸ್ತ್ರವೊಂದು ಬಾಕಿ.

ಆ ಪ್ರಮೋದನ ಹತ್ತಿರ ಒಂದು ಹಳದಿ ಸ್ಪೋರ್ಟ್ಸ್ ಕಾರಿತ್ತು. ಹುಮ್ಮಸ್ಸಿನಲ್ಲಿ ಕೊಂಡವನು ಓಡಿಸಿದ್ದು ಕಡಿಮೆ. ಮದುವೆಯಾದ ಮೇಲೆ ಅಷ್ಟು ಸಣ್ಣ ಗಾಡಿ ಯಾಕೆ ಎಂದು ಮನೆಯವರು ಮಾರಾಟಕ್ಕಿಟ್ಟಿದ್ದರು. ಅಣ್ಣನಿಗೆ ಒಂದೇ ಕಲ್ಲಿಗೆ ಎರಡು ಹಕ್ಕಿ ಕಂಡವು. ಬೀಗರ ಕಾರು ತಂಗಿಗೆ, ತಂಗಿಯೇ ಗಿರಾಕಿ ಬೀಗರಿಗೆ. ನನಗೂ ಖುಷಿಯಾಯಿತು. ಫೋಟೋ ನೋಡಿ ನಿದ್ದೆ ಬಿಟ್ಟಿದ್ದೆ ಅಂದರೆ ನಂಬಿ.

ಹಾಗೆ ಹರಿಹರಕ್ಕೆ ಹೋದೆವು. ಅಣ್ಣ, ನಾನು, ನಮ್ಮ ಯಜಮಾನರು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಆದವು. ಗಾಡಿ ನೋಡೋಣವೇ ಎಂದು ನಾನು ಏಳುವಷ್ಟರಲ್ಲಿ ಗೌರಮ್ಮನವರು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದರು. ಮುಂದಿನದು ನಿಮಗೆ ಗೊತ್ತು.

ಅವರು ಮೋಸ ಮಾಡಲು ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಪ್ರೀತಿಯಿಂದಲೇ ಮಾಡಿದರು. ಆದರೆ ಪ್ರೀತಿಯಿಂದ ಮಾಡಿದ್ದಕ್ಕೆ ಎದುರಾಡಲು ಬಾಯಿ ಬರುವುದಿಲ್ಲ ನೋಡಿ, ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಸಿಕ್ಕಿಕೊಂಡದ್ದೇ ಅಲ್ಲಿ.

ಉಡಿ ಕಟ್ಟಿಕೊಂಡೆ. ಗೌರಮ್ಮನವರಿಗೆ ನಮಸ್ಕಾರ ಮಾಡಿದೆ. ಕೀ ತೆಗೆದು ತಟ್ಟೆಯಲ್ಲಿಟ್ಟೆ.

"ಉಡಿ ತಗೊಂಡೀನ್ರಿ, ಭಾಳ ಸಂತೋಷ ಆತು. ಕೀ ಮಾತ್ರ ಸದ್ಯಕ್ಕ ಇಲ್ಲಿರ್ಲಿ. ಗಾಡಿ ಒಮ್ಮೆ ಗ್ಯಾರೇಜಿನ ಲಿಫ್ಟ್‌ಗೆ ಏರ್ಲಿ, ಅದರ ಅಡಿ ನೋಡ್ಸಿ ಆಮೇಲೆ ತಗೊಂತೀನಿ."

ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಕೊಟ್ರೇಶಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ, ಮತ್ತೆ ಹಾಕಿಕೊಂಡರು.

"ಡಾಕ್ಟ್ರಮ್ಮಾರೆ, ನಾವೇನು ಹೊರಗಿನೋರಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ನನ್ನ ಮದುವೆಯಲ್ಲೂ ನಮ್ಮಪ್ಪ ಹುಡುಗನ ಬಗ್ಗೆ ಕೇಳಿದ್ದು ಒಂದೇ ಮಾತು, ಯಾರ ಪೈಕಿ ಅಂತ. ಉತ್ತರ ಸರಿ ಬಂತು, ಧಾರೆ ಎರೆದು ಕೊಟ್ಟರು. ನಮ್ಮ ಯಜಮಾನರು ಇಲ್ಲಿಯವರೆಗೆ ಚೆನ್ನಾಗಿಯೇ ಓಡುತ್ತಿದ್ದಾರೆ. (ಅಲ್ಲಲ್ಲಿ ಸ್ಟಾರ್ಟಿಂಗ್ ಟ್ರಬಲ್ ಇದೆ, ಇರಲಿ.) ಆದರೆ ಅದು ನನ್ನ ಅದೃಷ್ಟ. ಅಪ್ಪನ ವಿಚಾರಣೆಯ ಫಲ ಅಲ್ಲ. ಅದೇ ವರ್ಷ ಅದೇ ಪ್ರಶ್ನೆಗೆ ಅದೇ ಉತ್ತರ ಕೇಳಿ ಮದುವೆಯಾದ ನನ್ನ ಗೆಳತಿಯೊಬ್ಬಳು ಆರು ತಿಂಗಳಲ್ಲಿ ತವರಿಗೆ ಬಂದು ಕೂತಳು.

ಒಳಗಿನವರು ಎಂದೇ ಇಲ್ಲಿಯವರೆಗೆ ಬಂದದ್ದು, ಹೊರಗಿನವರಾಗಿದ್ದರೆ ಮಿರ್ಚಿ ಕೂಡ ಮುಟ್ಟುತ್ತಿರಲಿಲ್ಲ ಎಂದು ಕೊಟ್ರೇಶಪ್ಪನವರಿಗೆ ಹೇಳಿದೆ. ಅವರು ನಗಲಿಲ್ಲ. ಪ್ರಮೋದ ಮಾತ್ರ, ನೋಡ್ಸಲಿ ಬಿಡ್ರಿ ಅಪ್ಪಾಜಿ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದ. ಹಾಗಾಗಿ ತಂದೆ ಮಗನನ್ನು ಕೂರಿಸಿಕೊಂಡು ಗಾಡಿ ಗ್ಯಾರೇಜಿಗೆ ಹೊರಟಿತು. ಹಾರ ಹಾಕಿಕೊಂಡೇ ಹೊರಟಿತು, ತೆಗೆಯಲು ಗೌರಮ್ಮನವರು ಬಿಡಲಿಲ್ಲ.

ಅದರ ಹಿಂದೆ ಹೊರಟ ನಮ್ಮ ಕಾರಿನಲ್ಲಿ ಅಣ್ಣ ನನ್ನ ಮೇಲೆ ಹರಿಹಾಯ್ದ. ಗಾಡಿ ಬೇಡವಾದರೆ ಬೇಡ ಅನ್ನಬೇಕಿತ್ತು, ಬೀಗರ ಮನೆಯಲ್ಲಿ ಕೂತು ಇದೇನು ಪರೀಕ್ಷೆ, ನಂದಿತಾಳ ವಿಚಾರ ತಲೆಯಲ್ಲಿದೆಯೋ ಇಲ್ಲವೋ ಎಂದು ಕೇಳಿದ.

ಇದೆ ಅಂದೆ. ಆಮೇಲೆ ನಾನೂ ಒಂದು ಕೇಳಿದೆ. ಅವನ ಗಿರಣಿಗೆ ಭತ್ತದ ಲೋಡು ಬಂದರೆ ಏನು ಮಾಡುತ್ತಾನೆ? ಚೀಲಕ್ಕೆ ಕಬ್ಬಿಣದ ಮೊನೆ ಚುಚ್ಚಿ ಒಂದು ಹಿಡಿ ತೆಗೆಯುತ್ತಾನೆ. ಅಂಗೈಯಲ್ಲಿ ಉಜ್ಜಿ ಊದುತ್ತಾನೆ. ಕಾಳು ಕಡಿದು ತೇವ ನೋಡುತ್ತಾನೆ. ಸ್ವಂತ ಹೆಂಡತಿಯ ಅಣ್ಣನ ಗದ್ದೆಯ ಭತ್ತ ಬಂದರೂ ಚುಚ್ಚುವುದು ಬಿಟ್ಟಿಲ್ಲ. ಯಾವ ಭಾವಮೈದುನನೂ ಅದಕ್ಕೆ ಮುನಿಸಿಕೊಂಡಿಲ್ಲ.

"ಅದು ವ್ಯಾಪಾರ" ಅಂದ.

"ಇದೇನು ಹಬ್ಬನಾ ಅಣ್ಣ?"

ಅವನು ಕಿಟಕಿಯ ಕಡೆ ತಿರುಗಿದ. ನಮ್ಮ ಯಜಮಾನರು ಡ್ರೈವಿಂಗಿನಲ್ಲಿ ಎಂದೂ ಇಲ್ಲದ ಏಕಾಗ್ರತೆ ತೋರಿಸುತ್ತಿದ್ದರು.

ಗ್ಯಾರೇಜು ಹರಿಹರ ದಾವಣಗೆರೆ ಹಳೇ ರಸ್ತೆಯಲ್ಲಿದೆ. ಅದರ ಮಾಲೀಕ ಇಮ್ರಾನ್ ಬಗ್ಗೆ ಒಂದು ಮಾತು. ಮನುಷ್ಯನಿಗೆ ವಿನಯ ಎಂಬುದು ಗೊತ್ತಿಲ್ಲ. ಕಪ್ಪು ಕನ್ನಡಕ, ಕೈಯಲ್ಲಿ ಫೋನು, ತಾನು ಮುಟ್ಟಿದ ಗಾಡಿಯದ್ದೆಲ್ಲ ರೀಲ್ಸ್. ತನ್ನಷ್ಟು ತಿಳಿದವನು ಹುಬ್ಬಳ್ಳಿವರೆಗೆ ಇಲ್ಲ ಎಂದು ತಾನೇ ಹೇಳಿಕೊಳ್ಳುತ್ತಾನೆ. ಹಾರ ಹಾಕಿಕೊಂಡು ಬಂದ ಸ್ಪೋರ್ಟ್ಸ್ ಕಾರು ನೋಡಿ ಅವನಿಗೆ ಸ್ವರ್ಗ ಸಿಕ್ಕಂತಾಯಿತು. ಕೊಟ್ರೇಶಪ್ಪನವರು ಫ್ರೇಮಿನಲ್ಲಿ ಬರುತ್ತಾರೆಂದು, ಯಜಮಾನ್ರೆ ಸ್ವಲ್ಪ ಸರೀರಿ ಎಂದು ಅವರನ್ನೇ ಪಕ್ಕಕ್ಕೆ ಸರಿಸಿದ. ಅವರು ಸರಿದರು. ಆದರೆ ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು.

ಗಾಡಿ ಲಿಫ್ಟ್ ಏರಿತು. ಹಾರ ನೇತಾಡುತ್ತಿತ್ತು.

ಬಣ್ಣದ ದಪ್ಪ ಅಳೆಯುವ ಮೀಟರನ್ನು ಬಾಗಿಲು, ಬಾನೆಟ್, ಡಿಕ್ಕಿ ಎಲ್ಲದರ ಮೇಲೂ ಇಟ್ಟು ನೋಡಿದ. ಎಲ್ಲೂ ಮತ್ತೆ ಬಣ್ಣ ಹೊಡೆಸಿಲ್ಲ, ಅಂದರೆ ಎಲ್ಲೂ ಗುದ್ದಿಲ್ಲ. ಕಾರ್ಪೆಟ್ ಎತ್ತಿ ನೋಡಿದ. ಹೊಳೆ ದಂಡೆಯ ಊರು ನೋಡಿ, ನೆರೆ ನೀರಿನಲ್ಲಿ ನಿಂತ ಗಾಡಿಯಾದರೆ ಸೀಟಿನ ಕೆಳಗೆ ಕೆಸರಿನ ಗುರುತು ಉಳಿದಿರುತ್ತದಂತೆ. ಇರಲಿಲ್ಲ. ಸ್ಕ್ಯಾನರ್ ಚುಚ್ಚಿದ, ಕಂಪ್ಯೂಟರಿನಲ್ಲಿ ದೋಷ ಬರಲಿಲ್ಲ. ಬೈಪಾಸಿನಲ್ಲಿ ಒಂದು ಸುತ್ತು ಓಡಿಸಿದೆವು. ನಾನೇ ಓಡಿಸಿದೆ. ಆಹಾ, ಅದೊಂದು ಸುಖವನ್ನು ಬರೆದು ಹೇಳಲಾರೆ. ಎಕ್ಸಲರೇಟರ್ ಮುಟ್ಟಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಬೇಕು, ಇದೇ ಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು.

ತಪ್ಪು ಸಿಕ್ಕಿದ್ದು ಎರಡೇ. ಟೈರುಗಳು ನೋಡಲು ಹೊಸವು, ಆದರೆ ತಯಾರಾಗಿ ವರ್ಷಗಳಾಗಿ ರಬ್ಬರ್ ಗಟ್ಟಿಯಾಗಿದೆ. ಇನ್ನೊಂದು, ಎಂಜಿನ್ ಆಯಿಲ್ ಬದಲಿಸಿ ಎಷ್ಟೋ ಕಾಲವಾಗಿದೆ. ಓಡದ ಗಾಡಿ ಹೊಸದಾಗಿ ಉಳಿಯುವುದಿಲ್ಲ, ನಿಂತಲ್ಲೇ ಮುದುಕಾಗುತ್ತದೆ.

"ಬಾಕಿ ಗಾಡಿ ಪಾಕ್ ಸಾಫ್ ಐತ್ರಿ ಮೇಡಂ" ಅಂದ ಇಮ್ರಾನ್, ಕ್ಯಾಮೆರಾ ನೋಡಿಕೊಂಡು.

ಕೊಟ್ರೇಶಪ್ಪನವರು ಎದೆ ಉಬ್ಬಿಸಿ ನನ್ನ ಕಡೆ ನೋಡಿದರು. ಅಣ್ಣ ಓಡಿ ಬಂದು ಕಿವಿಯಲ್ಲಿ, ಕಂಡೆಯಲ್ಲ, ಈಗ ಸಾರಿ ಕೇಳಿಬಿಡು, ಎಲ್ಲ ಸರಿ ಹೋಗುತ್ತದೆ ಅಂದ.

ಸಾರಿ? ಯಾಕೆ?

ನನ್ನ ಕ್ಲಿನಿಕ್ಕಿಗೆ ಹಲ್ಲು ನೋವು ಎಂದು ಬರುತ್ತಾರೆ. ಎಕ್ಸ್‌ರೇ ತೆಗೆಯುತ್ತೇನೆ. ಬೇರು ಚೆನ್ನಾಗಿದೆ ಅಂತ ಬಂದರೆ ಎದ್ದು ನಿಂತು ಕ್ಷಮೆ ಕೇಳಬೇಕೇ? ನಿಮ್ಮ ಬೇರಿನ ಮೇಲೆ ಸಂಶಯ ಪಟ್ಟೆ, ತಪ್ಪಾಯಿತು ಎನ್ನಬೇಕೇ? ಚೆನ್ನಾಗಿದೆ ಎಂದು ಗೊತ್ತಾದದ್ದೇ ನೋಡಿದ್ದರಿಂದ. ನೋಡುವ ಮೊದಲು ಅದು ಬರೀ ಬಾಯಿಮಾತು.

ನಾನು ಕ್ಷಮೆ ಕೇಳಲಿಲ್ಲ. ಬದಲಿಗೆ ವಾರಂಟಿ ಕೇಳಿದೆ.

ಕಂಪನಿಯ ವಾರಂಟಿ ಇನ್ನೂ ಎರಡು ವರ್ಷ ಇದೆ ಎಂದು ಅವರು ಮೊದಲೇ ಹೇಳಿದ್ದರು. ಸುಳ್ಳು ಹೇಳಿರಲಿಲ್ಲ. ಆದರೆ ಷರತ್ತು ಓದಿರಲಿಲ್ಲ. ಗಾಡಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಬೇಕು. ಓಡೇ ಇಲ್ಲ, ಸರ್ವಿಸ್ ಯಾಕೆ ಎಂದು ಇವರು ಒಂದು ವರ್ಷ ಒಯ್ದೇ ಇಲ್ಲ. ಈ ತಪ್ಪನ್ನು ನಮ್ಮ ಜನರಲ್ಲದೆ ಇನ್ಯಾರು ಮಾಡುತ್ತಾರೆ? ಹಬ್ಬದ ರೇಷ್ಮೆ ಸೀರೆಯನ್ನು ಬೀರುವಿನಲ್ಲೇ ಇಟ್ಟು, ಬಿಚ್ಚಿ ನೋಡಿದಾಗ ಮಡಿಕೆಯಲ್ಲಿ ಹರಿದಿರುತ್ತದಲ್ಲ, ಹಾಗೆ.

ಅಲ್ಲಿಂದಲೇ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಈ ಕಂಪನಿಯದ್ದು ಇಲ್ಲ. ಗಾಡಿ ತನ್ನಿ, ಬಾಕಿ ಉಳಿದ ಸರ್ವಿಸ್ ಮಾಡಿ ಪರೀಕ್ಷಿಸುತ್ತೇವೆ, ಪಾಸಾದರೆ ವಾರಂಟಿ ಮುಂದುವರಿಸಿ ಹೊಸ ಮಾಲೀಕರ ಹೆಸರಿಗೆ ಬರೆದುಕೊಡುತ್ತೇವೆ, ಆದರೆ ಈಗಿನ ಮಾಲೀಕರು ಖುದ್ದು ಬಂದು ಸಹಿ ಹಾಕಬೇಕು ಅಂದರು. ಅಷ್ಟೇ! ಒಂದು ದಿನದ ಕೆಲಸ. ಖರ್ಚು ನನ್ನದೇ, ಪ್ರಮೋದ ಬಂದು ಸಹಿ ಹಾಕಿದರೆ ಸಾಕು ಅಂದೆ.

ಕೊಟ್ರೇಶಪ್ಪನವರು ಬಹಳ ನಿಧಾನಕ್ಕೆ, ಒಂದೊಂದೇ ಮಾತು ಇಟ್ಟು ಹೇಳಿದರು:

"ಗಾಡಿ ಅಡಿ ನೋಡಿದ್ರಿ, ಸುಮ್ನಿದ್ದೆ. ನಮ್ಮ ಮಾತಿನ ಮ್ಯಾಲೆ ಕಾಗ್ದ ಬೇಕಂದ್ರೆ ಬ್ಯಾಡ ಬಿಡ್ರಿ. ನಮ್ಮ ಮನ್ಯಾಗೆ ಬರ್ಕೊಡೋ ಪದ್ಧತಿ ಇಲ್ಲ."

(ಅವರ ಅಂಗಡಿಯಲ್ಲಿ ಪಂಪ್‌ಸೆಟ್ ಕೊಂಡವರಿಗೆ ವಾರಂಟಿ ಕಾರ್ಡಿಗೆ ಸೀಲ್ ಹೊಡೆದು ಕೊಡುತ್ತಾರೆ. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳದೆ ಬಿಡುತ್ತಿರಲಿಲ್ಲ.)

ಹಳದಿ ಕಾರು ಹಾರದ ಸಮೇತ ಹರಿಹರಕ್ಕೆ ವಾಪಸ್ ಹೋಯಿತು. ನೋಡುತ್ತಾ ನಿಂತಿದ್ದೆ. ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಪ್ರಮೋದ ಫೋನ್ ಮಾಡಿದ. ದನಿ ಸಣ್ಣದು. ಆಂಟಿ, ಅಪ್ಪಾಜಿಗೆ ಹೇಳಬೇಡಿ, ಗಿರಾಕಿಯೊಬ್ಬರಿಗೆ ತೋರಿಸುತ್ತೇನೆಂದು ಹೇಳಿ ಗಾಡಿಯನ್ನು ಹುಬ್ಬಳ್ಳಿಗೆ ಒಯ್ಯುತ್ತೇನೆ, ಸಹಿ ಹಾಕುತ್ತೇನೆ, ವಾರಂಟಿ ನಿಮ್ಮ ಹೆಸರಿಗೆ ಮಾಡಿಸುತ್ತೇನೆ ಅಂದ.

ಒಂದು ಕ್ಷಣ ಆಸೆಯಾಯಿತು. ಹಳದಿ ಬಾನೆಟ್ಟು ಕಣ್ಣ ಮುಂದೆ ಬಂತು. ಯಾರಿಗೂ ಗೊತ್ತಾಗುವುದಿಲ್ಲ, ಕಾರೂ ಸಿಗುತ್ತದೆ, ಸಂಬಂಧವೂ ಉಳಿಯುತ್ತದೆ.

"ಕದ್ದು ಯಾಕಪ್ಪ? ಕೆಟ್ಟ ಕೆಲಸ ಏನಲ್ಲ ಇದು. ಅಪ್ಪಾಜಿಗೆ ಹೇಳೇ ಒಯ್ಯಿ."



"ನೋಡ್ತೀನ್ರಿ ಆಂಟಿ" ಅಂದ.

ಮತ್ತೆ ಫೋನ್ ಬರಲಿಲ್ಲ. ಒಂದು ವಾರದ ಮೇಲೆ ಮಧ್ಯಸ್ಥರ ಮೂಲಕ ಅಣ್ಣನಿಗೆ ಸುದ್ದಿ ಬಂತು. ಸಂಬಂಧ ಕೂಡಿಬರುವಂತೆ ಕಾಣುವುದಿಲ್ಲ. ಕಾರಣ? ಹುಡುಗಿಗೆ ಸೋದರತ್ತೆಯ ಹೋಲಿಕೆ ಇದೆಯಂತೆ!

ಅಣ್ಣ ಮನೆಗೆ ಬಂದು ನಿಂತುಕೊಂಡೇ ಬೈದು ಹೋದ. ಒಂದು ಕಾರಿನ ಚಟಕ್ಕೆ ನನ್ನ ಮಗಳ ಬಾಳು ಕೆಡಿಸಿದೆ ಅಂದ. ನಾನು ಎದುರಾಡಲಿಲ್ಲ. ಹೆಣ್ಣು ಹೆತ್ತವನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಅವನು ಹೋದ ಮೇಲೆ ಆ ದಿನ ಊಟ ಸೇರಲಿಲ್ಲ.

ನಂದಿತಾ ಮರುದಿನ ಬ್ಯಾಂಕ್ ಮುಗಿಸಿ ನೇರವಾಗಿ ಕ್ಲಿನಿಕ್ಕಿಗೆ ಬಂದಳು. ಪೇಷಂಟ್ ಕುರ್ಚಿಯ ಮೇಲೆ ಕೂತಳು. ನನ್ನ ಬೆನ್ನು ತಟ್ಟುತ್ತಾಳೆ, ಅತ್ತೆ ನೀವು ಹುಲಿ ಅನ್ನುತ್ತಾಳೆ ಎಂದುಕೊಂಡಿದ್ದರೆ ಅದು ನನ್ನ ಭ್ರಮೆ. ಅವಳಿಗೆ ಸಿಟ್ಟು ಬಂದಿತ್ತು.

"ನನಗ ಅವ್ರು ಇಷ್ಟ ಆಗಿದ್ರು ಅತ್ತೆ. ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು."

ನಿಜ. ಕೇಳಿರಲಿಲ್ಲ. ಕಾರಿಗೂ ಅವಳಿಗೂ ಏನು ಸಂಬಂಧ ಎಂದುಕೊಂಡಿದ್ದೆ. ಮನಸ್ಸಿಗೆ ಬಹಳ ನೋವಾಯಿತು. ಹುಡುಗ ಕೆಟ್ಟವನಲ್ಲ, ನನಗಾಗಿ ಕದ್ದು ಹುಬ್ಬಳ್ಳಿಗೆ ಹೋಗಲೂ ತಯಾರಿದ್ದ ಎಂದು ಫೋನಿನ ವಿಷಯ ಹೇಳಿದೆ. ಅವನ ಮೇಲೆ ಅವಳಿಗಿದ್ದ ಒಳ್ಳೆಯ ಅಭಿಪ್ರಾಯ ನನ್ನಿಂದ ಹಾಳಾಗುವುದು ಬೇಡ ಎಂದೇ ಹೇಳಿದ್ದು.

ನಂದಿತಾ ಕೂತಲ್ಲೇ ನೆಟ್ಟಗಾದಳು. ಅಪ್ಪಾಜಿಗೆ ಹೇಳಿ ಒಯ್ಯಿ ಅಂದಾಗ ಅವರು ಏನಂದರು ಎಂದು ಕೇಳಿದಳು.

"ನೋಡ್ತೀನಿ ಅಂದ."

ಅವಳು ಕುರ್ಚಿಯ ತೋಳಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. ಹುಡುಗಿ ನೋಡಲು ಬಂದ ದಿನ ಇಬ್ಬರನ್ನೂ ಮಾತಾಡಲು ಬಿಟ್ಟಾಗ ಅವಳು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ: ಟ್ರಾನ್ಸ್‌ಫರ್ ಆದರೂ ನಾನು ಕೆಲಸ ಬಿಡುವುದಿಲ್ಲ, ನಿಮ್ಮ ಮನೆಯಲ್ಲಿ ಈಗಲೇ ಹೇಳುತ್ತೀರಾ?

"ನನಗೂ ಹಂಗೇ ಅಂದಿದ್ರು ಅತ್ತೆ. ನೋಡ್ತೀನಿ ಅಂತ."

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಖುಷಿಯಾಗಿದ್ದಾಳೆ ಎಂದು ನಾನು ಬರೆಯುವುದಿಲ್ಲ. ಇಷ್ಟಪಟ್ಟದ್ದು ಕೈ ಬಿಟ್ಟರೆ ನೋಯುತ್ತದೆ, ಕಾರಾದರೂ ನೋಯುತ್ತದೆ. ಆದರೆ ಮೊನ್ನೆ ಅಣ್ಣ, ನಾನೇ ಹೋಗಿ ಕೊಟ್ರೇಶಪ್ಪನವರ ಕಾಲು ಹಿಡಿದು ಬರುತ್ತೇನೆ ಎಂದು ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳು ಅವಳೇ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು.

ನಾನು? ಶಿವಮೊಗ್ಗದ ಒಬ್ಬರಿಂದ ಕೊಂಡೆ. ನೀಲಿ ಬಣ್ಣ. ಅವರು ನಮ್ಮ ಪೈಕಿಯೂ ಅಲ್ಲ, ಪರಿಚಯವೂ ಇಲ್ಲ. ಲಿಫ್ಟಿಗೆ ಏರಿಸಬಹುದೇ ಎಂದು ನಾನು ಕೇಳುವ ಮೊದಲೇ, ನಿಮ್ಮ ಮೆಕ್ಯಾನಿಕ್ ಯಾವಾಗ ಬರುತ್ತಾರೆ ಎಂದು ಅವರೇ ಕೇಳಿದರು. ಇಮ್ರಾನ್ ಹೋಗಿ ನೋಡಿ, ಇಷ್ಟುದ್ದ ದೋಷದ ಪಟ್ಟಿ ಹೇಳಿ, ಎರಡು ರೀಲ್ಸ್ ಮಾಡಿಕೊಂಡು ಬಂದ. ಅವರು ಸಿಟ್ಟಾಗಲಿಲ್ಲ. ಬ್ರೇಕ್ ಪ್ಯಾಡ್ ಬದಲಿಸಿ, ವಾರಂಟಿ ನನ್ನ ಹೆಸರಿಗೆ ಬರೆಸಿ ಗಾಡಿ ಕೊಟ್ಟರು. ಚಹಾ ಕುಡಿಸಿದರು, ನಗುತ್ತಾ ಕಳಿಸಿದರು. ಪೂಜೆ ಆಮೇಲೆ ನಾವೇ ಮಾಡಿಸಿದೆವು. ನಮ್ಮ ಯಜಮಾನರಿಗೆ ಪಕ್ಕದ ಸೀಟು ಮಂಜೂರಾಗಿದೆ, ಹಂಪು ಬಂದಾಗಲೆಲ್ಲ ಇಳಿದು ಅಡಿ ತಾಗುತ್ತದೋ ಇಲ್ಲವೋ ನೋಡುವ ಷರತ್ತಿನ ಮೇಲೆ. ಸೀರೆಯಲ್ಲೇ ಇಳಿಯುತ್ತೇನೆ, ಸೀರೆಯಲ್ಲೇ ಏಳುತ್ತೇನೆ. ನೋಡುವವರು ನೋಡಲಿ.

ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ. ಈ ಅಂಕಣ ಮಾತ್ರ ತಪ್ಪದೆ ಓದುತ್ತಾನೆ, ಅದಕ್ಕೇ ಇಲ್ಲಿ ಬರೆದೆ. ಊರಿನವರೂ ಡಾಕ್ಟ್ರಮ್ಮನ ಕಾರಿನಿಂದ ಸಂಬಂಧ ಮುರಿಯಿತು ಅನ್ನುತ್ತಿದ್ದಾರೆ. ಅನ್ನಲಿ. ನಾನು ಕೇಳುವುದು ಒಂದೇ:

ಕಾರಿನ ಅಡಿ ನೋಡಿದ್ದಕ್ಕೇ ಮುರಿದುಬಿದ್ದ ಸಂಬಂಧ, ಆ ಮನೆಯ ನಡುಮನೆಯಲ್ಲಿ ನಿಂತು ನಮ್ಮ ಹುಡುಗಿ ಮೊದಲ ಸಲ 'ಯಾಕೆ' ಅಂದ ದಿನ ಉಳಿಯುತ್ತಿತ್ತೇ ಅಣ್ಣ?